ನೀರಿನೊಳಗೆ ರೊಟ್ಟಿ ಬಡಿದ ರಶೀದಾ

ದಾದರ್ ಸ್ಟೇಶನ್ನಿನ ಸೇತುವೆ ಮೆಟ್ಟಿಲ ಮೇಲೆ ರಶೀದಾ ಜಾರಿ ಬಿದ್ದಾಗ ಬುಟ್ಟಿಯಲ್ಲಿ ನೂರಾ ಇಪ್ಪತ್ತು ಜೋಳದ ರೊಟ್ಟಿ ಇದ್ದವು. ಎಡಗಾಲಿನ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಆಕೆ ಮಾತ್ರ ಸುತ್ತ ಮುತ್ತಿದ ಜನರನ್ನು ಗದರುತ್ತಿದ್ದಳು: "ನನ್ನ ಕಾಲು ತುಳದ್ರೂ ತುಳೀರಿ, ಬುಟ್ಟಿ ತುಳೀಬ್ಯಾಡ್ರಿ!"

ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಯ ಸಯನ್ನಿಗೆ ಬಂದು ಇಪ್ಪತ್ತಾರು ವರ್ಷ. ಗಂಡ ಗುಡುಸಾಬ ಬೀಗ ರಿಪೇರಿ ಮಾಡುವವ. ದಾದರಿನಲ್ಲಿರುವ ಶಂಕ್ರೆಪ್ಪನ ಖಾನಾವಳಿಗೆ ಅಷ್ಟೂ ವರ್ಷ ರೊಟ್ಟಿ ಬಡಿದವಳು ರಶೀದಾ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಒಲೆಯ ಮುಂದೆ ನೆಲಕ್ಕೆ ಕೂತಳೆಂದರೆ ಮೂರು ತಾಸು ಏಳುತ್ತಿರಲಿಲ್ಲ.

ಆಪರೇಶನ್ ಆಯಿತು. ಒಳಗೆ ಪ್ಲೇಟು, ಸ್ಕ್ರೂ ಹಾಕಿದರು. ಆಮೇಲಿನ ಎಕ್ಸ್‌ರೇ ನೋಡಿ "ಎಲುಬು ಕೂಡಿದೆ, ಆರಾಮ ಮಾಡಿ" ಎಂದು ಹೇಳಿ ಕಳಿಸಿದರು. ನಮ್ಮಲ್ಲಿ ಕೂಲಿ ಮಾಡಿ ತಿನ್ನುವವರಿಗೆ ಬರೆದುಕೊಡುವ ಔಷಧಿ ಇದೊಂದೇ: ಆರಾಮ. ಎಲುಬು ಕೂಡಿದರೆ ಫೈಲು ಮುಚ್ಚಿತು. ಆ ಕಾಲು ಮತ್ತೆ ನಡೆಯಿತೋ, ಆ ಹೆಂಗಸು ಮತ್ತೆ ಕೆಲಸಕ್ಕೆ ಹೋದಳೋ ಎಂದು ಯಾವ ಫೈಲೂ ಕೇಳುವುದಿಲ್ಲ. ನಾಲ್ಕು ತಿಂಗಳಾದರೂ ರಶೀದಾ ವಾಕರ್ ಹಿಡಿದು ಬಾಗಿಲಿಂದ ಬಚ್ಚಲಿಗೆ ತೆವಳುತ್ತಿದ್ದಳು. ತೊಡೆ ಒಣಗಿದ ಕಟ್ಟಿಗೆಯ ಹಾಗಾಗಿತ್ತು.

ಶಂಕ್ರೆಪ್ಪ ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದ. ಫ್ಯಾನಿನ ಕಡೆ ನೋಡುತ್ತಲೇ ಹೇಳಿದ. "ತಂಗೀ, ಸದ್ಯಾ ಮಷಿನ್ ರೊಟ್ಟಿ ತರಸಾಕ ಹತ್ತೀನಿ. ಗಿರಾಕಿ ಬಾಯಿಗೆ ಬಂದಾಂಗ ಬೈತಾರ. ದೀಪಾವಳಿ ತನಕ ನಿನ್ನ ದಾರಿ ಕಾಯ್ತೀನಿ. ಆಮ್ಯಾಲ ಮಷಿನ್‌ದವನ ಕೂಡ ಮಾತು ಪಕ್ಕಾ ಮಾಡಬೇಕಾಗ್ತದ."

"ಕಾಯ್ರಿ ಅಣ್ಣಾರ" ಎಂದಳು ರಶೀದಾ. ಅಂದು ರಾತ್ರಿ ಊಟ ಮಾಡಲಿಲ್ಲ.

ದಾರಿ ಹುಡುಕಿದವಳು ಮಗಳು ಶಬ್ರೀನ. ಪವಾಯಿಯ ಆಫೀಸೊಂದರಲ್ಲಿ ಕೆಲಸ ಆಕೆಗೆ. "ಅಮ್ಮೀ, ಪಾನಿಯಲ್ಲಿ ಎಕ್ಸರ್‌ಸೈಜ್ ಮಾಡಿಸ್ತಾರೆ. ಆಪರೇಶನ್ ಗಾಯ ಪೂರಾ ಒಣಗಿದ್ರೆ ಹೋಗಬಹುದು ಅಂತ ಡಾಕ್ಟರ್ ಬೋಲೇ."

ಪವಾಯಿಯಲ್ಲೇ ಒಂದು ದೊಡ್ಡ ವಸತಿ ಕಾಂಪ್ಲೆಕ್ಸಿನ ಈಜುಕೊಳ. ಮಧ್ಯಾಹ್ನ ಒಂದು ತಾಸು ಹೆಂಗಸರಿಗಷ್ಟೇ; ಆಗ ಸೌಮ್ಯಾ ಎಂಬ ಉಡುಪಿ ಕಡೆಯ ಫಿಜಿಯೋಥೆರಪಿಸ್ಟ್ ಪೇಶಂಟುಗಳನ್ನು ನೀರಿಗೆ ಇಳಿಸುತ್ತಿದ್ದಳು. ಮೊದಲ ದಿನವೇ ಗೇಟಿನಲ್ಲಿ ಸೂಪರ್‌ವೈಸರ್ ಸೋಮನಾಥ ಅಡ್ಡ ನಿಂತ. ರಶೀದಾ ತಾನೇ ಹೊಲಿದುಕೊಂಡಿದ್ದ ತುಂಬುತೋಳಿನ ಕುರ್ತಾ, ಪಾದದವರೆಗಿನ ಪೈಜಾಮ ನೋಡಿ ಮುಖ ಗಂಟಿಕ್ಕಿದ. "ಇದೆಂತ ಡ್ರೆಸ್ಸು? ಬೋರ್ಡ್ ನೋಡ್ಲಿಲ್ವಾ?"

"ನನ್ನ ಮಗಳು ಓದಿ ಹೇಳ್ಯಾಳ. ನೈಲಾನ್ ಇರಬೇಕಂತ ಬರದೀರಿ. ಇದು ನೈಲಾನ್. ಮುಟ್ಟಿ ನೋಡ್ರಿ... ಬ್ಯಾಡ ಬ್ಯಾಡ, ದೂರಿಂದನ ನೋಡ್ರಿ. ಎಷ್ಟು ಉದ್ದ ಇರಬೇಕಂತ ಎಲ್ಲಿ ಬರದೀರಿ?"

ಸೌಮ್ಯಾಗೆ ನಗು ತಡೆಯಲಾಗಲಿಲ್ಲ. ಸೋಮನಾಥ ಬೋರ್ಡನ್ನು ಇನ್ನೊಮ್ಮೆ ಓದಿ ದಾರಿ ಬಿಟ್ಟ. ನೀಲಿ ನೀರು ತುಂಬಿಸಿ ಬಾಲ್ಕನಿಯಿಂದ ನೋಡುವುದಕ್ಕೇ ಇಟ್ಟುಕೊಂಡವರ ಕೊಳದಲ್ಲಿ ಸಯನ್ನಿನ ರೊಟ್ಟಿಯವಳು ಹೀಗೆ ಕಾಲಿಟ್ಟಳು.

"ವಾಕರ್ ಅಲ್ಲೇ ಬಿಡಿ ರಶೀದಕ್ಕ. ಕಂಬಿ ಹಿಡ್ಕೊಳ್ಳಿ, ನಾನಿದ್ದೇನೆ."

ಬೆಚ್ಚನೆಯ ನೀರು ಎದೆಮಟ್ಟಕ್ಕೆ ಬಂತು. ರಶೀದಾ ಎಡಗಾಲು ಊರಿ ಒಂದು ಹೆಜ್ಜೆ ಇಟ್ಟಳು. ನೋವಿಗೆ ಕಾದಳು. ನೋವು ಬರಲಿಲ್ಲ.

"ಯಾ ಅಲ್ಲಾ! ನನ್ನ ಕಾಲು ಎಲ್ಲೆ ಹೋತು?"

ವ್ಯಾಯಾಮ ಶುರುವಾಯಿತು. ನಡೆಯುವುದು, ಪಕ್ಕಕ್ಕೆ ಸರಿಯುವುದು, ನೀರನ್ನು ಕಾಲಿನಿಂದ ಹಿಂದಕ್ಕೆ ಒತ್ತುವುದು. ಎಷ್ಟು ಜೋರಾಗಿ ಒತ್ತಿದರೆ ನೀರು ಅಷ್ಟೇ ಜೋರಾಗಿ ತಿರುಗಿ ಒತ್ತುತ್ತಿತ್ತು. ಸತ್ತಂತಿದ್ದ ತೊಡೆಗೆ ದುಡಿಮೆ ಸಿಕ್ಕಿತು. ಎಡಗಾಲೊಂದರ ಮೇಲೆ ಇಪ್ಪತ್ತು ಎಣಿಸುವವರೆಗೆ ನಿಲ್ಲಬೇಕಿತ್ತು. ರಶೀದಾಗೆ ಲೆಕ್ಕ ತಪ್ಪುತ್ತಿತ್ತು. "ಡಾಕ್ಟರಬಾಯಾರ, ಎಣಿಕಿ ಬ್ಯಾಡ್ರಿ. ಒಂದು ರೊಟ್ಟಿ ಆಗೋತನಕ ನಿಂದರ್ತೀನಿ." ಅಂಗೈ ಅಗಲಿಸಿ ನೀರಿನ ಮೇಲೆ ತಟ್ಟಿ, ತಿರುಗಿಸಿ, ತಟ್ಟಿ, ಕಾಣದ ರೊಟ್ಟಿಯನ್ನು ಕಾಣದ ಹಂಚಿಗೆ ಹಾಕಿದ ಮೇಲೆಯೇ ಬಲಗಾಲು ಕೆಳಗಿಡುತ್ತಿದ್ದಳು. ವಾರದೊಳಗೆ ಕೊಳದಲ್ಲಿದ್ದ ಉಳಿದ ಹೆಂಗಸರೂ ರೊಟ್ಟಿ ಬಡಿಯತೊಡಗಿದರು.

ಮೂರನೇ ವಾರ ಆಕೆ ಎಡವಟ್ಟು ಮಾಡಿಕೊಂಡಳು. ನೀರಿನಲ್ಲಿ ನೋವಿಲ್ಲ ಎಂದರೆ ಕಾಲು ವಾಸಿಯಾಯಿತು ಎಂದೇ ತಿಳಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಗೋಡೆ ಹಿಡಿದು ಒಲೆಯ ಮುಂದೆ ಕೂತು, ನಲವತ್ತು ರೊಟ್ಟಿ ಬಡಿದಳು. ಏಳಲಾಗಲಿಲ್ಲ. ಗುಡುಸಾಬ ಬಂದು ಎತ್ತುವ ಹೊತ್ತಿಗೆ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು.

ಸೌಮ್ಯಾ ಸಿಟ್ಟಾದಳು. "ಎದೆಮಟ್ಟ ನೀರಲ್ಲಿ ನಿಮ್ಮ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಹೊತ್ಕೊಳ್ತದೆ. ಮನೆಯಲ್ಲಿ ಯಾರು ಹೊರ್ತಾರೆ, ಗುಡುಸಾಬರಾ?"

"ಅವರು ತಮ್ಮ ಭಾರಾನ ಹೊರಾಂಗಿಲ್ರಿ."

"ನಗಬೇಡಿ. ವಾರವಾರ ನಿಮ್ಮನ್ನು ಕಡಿಮೆ ನೀರಿಗೆ ತರ್ತೇನೆ. ಮೊದಲು ಸೊಂಟದವರೆಗೆ, ಆಮೇಲೆ ತೊಡೆಯವರೆಗೆ. ಭಾರ ಸ್ವಲ್ಪಸ್ವಲ್ಪವೇ ಕಾಲಿಗೆ ಬರಬೇಕು. ನಡೀತೀರಿ, ಮೆಟ್ಟಿಲು ಹತ್ತುತ್ತೀರಿ. ಆದ್ರೆ ನೆಲದ ಮೇಲೆ ಹಾಗೆ ಕೂತು ಕೆಲಸ ಇನ್ನು ಬೇಡ ರಶೀದಕ್ಕ. ಆ ಮೊಣಕಾಲು ತಡೆಯುವುದಿಲ್ಲ."

ನೆಲಕ್ಕೆ ಕೂಡದೆ ರೊಟ್ಟಿಯೇ? ಆಕೆಯ ತಾಯಿ, ಅಜ್ಜಿ, ಓಣಿಯ ಯಾವ ಹೆಂಗಸೂ ನಿಂತು ಬಡಿದವರಲ್ಲ. ಊತ ಇಳಿಯುವವರೆಗೆ ರಶೀದಾ ಒಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಮತ್ತೆ ನೀರಿಗಿಳಿದ ದಿನ, ಒಂಟಿ ಕಾಲಲ್ಲಿ ನಿಂತು ಅಂಗೈಯಿಂದ ನೀರು ತಟ್ಟುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು. "ಬಾಯಾರ, ಇಷ್ಟು ದಿನ ನಾ ನಿಂತಕೊಂಡ ಬಡದೀನಲ್ಲಾ!"

ಆ ರವಿವಾರ ಗುಡುಸಾಬ ಕಬ್ಬಿಣದ ಪಟ್ಟಿ ಬೆಸೆಸಿ ಸೊಂಟದೆತ್ತರಕ್ಕೆ ಒಲೆಕಟ್ಟೆ ನಿಲ್ಲಿಸಿದ. ಮೊದಲ ರೊಟ್ಟಿಗಳ ಅಂಚು ಹರಿಯಿತು. "ಭಾರತದ ನಕಾಶೆ ಆಗೈತಿ" ಎಂದು ಗುಡುಸಾಬ ಚುಡಾಯಿಸಿದ. "ನಕಾಶೆ ತಿಂದು ಸುಮ್ಮನ ಕೂಡ್ರಿ" ಎಂದಳು. ಕೊಳದ ನೀರು ತೊಡೆಮಟ್ಟಕ್ಕೆ ಇಳಿಯುವ ಹೊತ್ತಿಗೆ ಕಟ್ಟೆಯ ಮೇಲಿನ ರೊಟ್ಟಿ ದುಂಡಗಾಗಿತ್ತು.

ದೀಪಾವಳಿಗೆ ಎರಡು ದಿನ ಮುಂಚೆ ರಶೀದಾ ದಾದರಿನಲ್ಲಿ ಲೋಕಲ್ ಇಳಿದಳು. ವಾಕರ್ ಮನೆಯಲ್ಲಿತ್ತು. ಅದೇ ಸೇತುವೆ, ಅದೇ ಮೆಟ್ಟಿಲು. "ಅಮ್ಮೀ, ಬುಟ್ಟಿ ನನಗೆ ಕೊಡಿ" ಎಂದಳು ಶಬ್ರೀನ. ಕೊಡಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬುಟ್ಟಿ. ಹಿಂದಿನಿಂದ ಯಾರೋ "ಚಲಾ, ಲವ್ಕರ್" ಎಂದು ಗೊಣಗಿದರು. ಆಕೆ ಅವಸರ ಮಾಡಲಿಲ್ಲ.

ಖಾನಾವಳಿಯಲ್ಲಿ ಶಂಕ್ರೆಪ್ಪ ರೊಟ್ಟಿಯೊಂದನ್ನು ಎತ್ತಿ, ಮಡಚಿ, ಮೂಸಿ, ತುಂಡು ಮುರಿದು ಬಾಯಿಗಿಟ್ಟ. ಕಣ್ಣು ತುಂಬಿತು. "ಅದ ಕೈ, ತಂಗೀ. ಕೈ ಹಾಂಗ ಐತಿ."

"ಕೈಗೇನಾಗಿತ್ರಿ ಅಣ್ಣಾರ?" ಎಂದಳು ರಶೀದಾ, ಕುರ್ಚಿ ಕೊಟ್ಟರೂ ಕೂಡದೆ. "ಕಾಲು ನೋಡ್ರಿ. ನಿಂತೀನಿ."