ಶೌರಪ್ಪನವರು ಸುಟ್ಟ ಕಸಬರಿಗೆ

ವಾಡಿ ರೈಲು ಜಂಕ್ಷನ್ನಿನ ನಮ್ಮ ಪ್ರಾರ್ಥನಾಲಯ ಹಳಿಗೆ ಎಷ್ಟು ಹತ್ತಿರವಿತ್ತೆಂದರೆ, ಗೂಡ್ಸ್ ಗಾಡಿ ಬಂದರೆ ಮೇಣದಬತ್ತಿ ನಡುಗುತ್ತಿತ್ತು. ಶುಭಸಂದೇಶ ಓದುತ್ತಿದ್ದ ಉಪದೇಶಿ ಶೌರಪ್ಪನವರು ಆಗ ಪದದ ನಡುವೆಯೇ ನಿಲ್ಲಿಸಿ ಬಲಗೈ ಎತ್ತಿ ಹಿಡಿಯುತ್ತಿದ್ದರು. ಕೊನೆಯ ಗಾರ್ಡಿನ ಡಬ್ಬಿ ದಾಟಿದ ಮೇಲೆ ಕೈ ಇಳಿಸಿ, ಉಳಿದ ಅರ್ಧ ಪದದಿಂದ ಮುಂದುವರಿಸುತ್ತಿದ್ದರು. “ಯೇಸುಸ್ವಾಮಿ ಸಮುದ್ರಾನ ಸುಮ್ನ ಕುಂದ್ರಸಿದ. ಈ ಗೂಡ್ಸ್ ಗಾಡಿ ಮಾತ್ರ ಯಾರ ಮಾತೂ ಕೇಳಂಗಿಲ್ಲ” ಎನ್ನುತ್ತಿದ್ದರು.

ರೈಲ್ವೆಯಲ್ಲಿ ಅವರು ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಊರು ಮುದಗಲ್ಲು. ಗುರುಗಳು ಗುಲ್ಬರ್ಗದಿಂದ ತಿಂಗಳಿಗೊಮ್ಮೆ ಬಂದು ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಿದ್ದರು. ಉಳಿದ ಭಾನುವಾರಗಳಲ್ಲಿ ನಮ್ಮ ಹನ್ನೆರಡು ಮನೆಗಳವರಿಗೆ ಶೌರಪ್ಪನವರದೇ ಪ್ರಾರ್ಥನೆ, ಅವರದೇ ಪಾಠ. ಪಾಠ ಎಲ್ಲಿಂದ ಶುರುವಾದರೂ ಮುದಗಲ್ಲಿಗೆ ಒಮ್ಮೆ ಹೋಗಿಬರುತ್ತಿತ್ತು. “ಬಿಜಾಪುರದ ಸುಲ್ತಾನರ ಕಾಲದಿಂದ ಜಪಾ ಮಾಡಾಕತ್ತೀವಿ. ರೋಮಿನವ್ರಿಗೆ ಏನರ ಅನುಮಾನ ಇದ್ರ ನಮ್ಮನ್ನ ಕೇಳ್ಲಿ.”

ನನ್ನ ಗಂಡ ರಾಯಪ್ಪ ಯಾರ್ಡಿನಲ್ಲಿ ಡಬ್ಬಿ ಜೋಡಿಸುವಾಗ ಎರಡರ ನಡುವೆ ಸಿಕ್ಕಿ ತೀರಿಕೊಂಡ. ಆಗ ಮಳೆಗಾಲ. ಬಂದವರೆಲ್ಲ ದೇವರ ಚಿತ್ತದ ಬಗ್ಗೆ ಮಾತಾಡಿದರು. ಶೌರಪ್ಪನವರು ಏಳು ಸಂಜೆ ಬಂದು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಏನೂ ಹೇಳದೆ ಎದ್ದು ಹೋದರು. ಏಳನೆಯ ಸಂಜೆ ನಾನೇ ಕೇಳಿದೆ: “ಯಾಕ ಹಿಂಗಾತು, ಉಪದೇಶಿಯವರ?”

“ನನಗ ಗೊತ್ತಿಲ್ಲ ತಂಗಿ. ಬೈಬಲ್ಲಿನಾಗ ಯೋಬ ಮಕ್ಕಳ್ನ ಕಳಕೊಂಡಾಗ ಅವನ ಗೆಳ್ಯಾರು ಬಂದು ಏಳು ದಿವ್ಸ ಬಾಯಿ ಮುಚಗೊಂಡು ಕುಂತಿದ್ರು. ಅಲ್ಲೀತನ ಛಲೋ ಇದ್ರು. ಮಾತಾಡ್ಲಿಕ್ಕ ಶುರು ಮಾಡಿದ್ರು ನೋಡು, ಕೆಟ್ರು.”

ನಾನು ನಕ್ಕೆ. ಗಂಡ ಸತ್ತ ಮೇಲೆ ಅದೇ ಮೊದಲು. ಅದು ನನಗೆ ಖಚಿತವಾಗಿ ನೆನಪಿದೆ. ಆದರೂ ಅವನು ಸತ್ತಂದಿನಿಂದ ಬಿಟ್ಟಿದ್ದ ಪ್ರಾರ್ಥನಾಲಯಕ್ಕೆ ಮತ್ತೆ ಹೋಗಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಗರಿಗಳ ಭಾನುವಾರ ಗುರುಗಳು ಮಂತ್ರಿಸಿ ಕೊಟ್ಟ ಗರಿಯನ್ನು ಪ್ರತಿ ಮನೆಯಲ್ಲೂ ಯೇಸುಸ್ವಾಮಿಯ ಪಟದ ಹಿಂದೆ ಸಿಕ್ಕಿಸುತ್ತೇವೆ. ವಾಡಿಯಲ್ಲಿ ಅದು ಈಚಲ ಗರಿ. ಮರುವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲ ಶುರುವಾಗುವ ಮುಂಚೆ ಅದನ್ನು ಹಿಂತಿರುಗಿಸಬೇಕು. ಎಲ್ಲ ಗರಿ ಸುಟ್ಟು, ಆ ಕಾಲದ ಮೊದಲ ದಿನವಾದ ಬೂದಿ ಬುಧವಾರ, ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುತ್ತೇವೆಂಬ ನೆನಪಿಗೆ, ಆ ಬೂದಿಯನ್ನೇ ಹಣೆಗೆ ಹಚ್ಚುತ್ತಾರೆ.

ಆ ವರ್ಷ ಶೌರಪ್ಪನವರು ಚೀಲ ಹಿಡಿದು ಬಂದಾಗ ನಾನು ಗರಿ ಕೊಡಲಿಲ್ಲ. ಅದು ರಾಯಪ್ಪ ತನ್ನ ಕೈಯಾರೆ ತಂದು ಸಿಕ್ಕಿಸಿದ್ದು. ಕಾರಣ ಹೇಳಿದೆ. ಅವರು ತಲೆ ಆಡಿಸಿ ಮುಂದಿನ ಮನೆಗೆ ಹೋದರು.

ಮಂಗಳವಾರ ಬೆಳಿಗ್ಗೆ ಗಲಾಟೆ ಕೇಳಿ ನಾನೂ ಅಂಗಳದ ಅಂಚಿಗೆ ಹೋಗಿ ನಿಂತೆ. ಪ್ರಾರ್ಥನಾಲಯದ ಪಡಸಾಲೆಯಲ್ಲಿ ಕೂಡಿಟ್ಟಿದ್ದ ಗರಿಗಳು ಇರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ತಾಯವ್ವ ದಿನವೂ ಹಣೆಗೆ ವಿಭೂತಿ ಹಚ್ಚುವ ಮುದುಕಿ. ಪ್ರೀತಿಯಿಂದ ನಮ್ಮ ಅಂಗಳವನ್ನೂ ಗುಡಿಸುತ್ತಿದ್ದಳು. ಒಣಗಿದ ಗರಿ ಯಾರೋ ಬಿಸಾಕಿದ್ದೆಂದು ತಿಳಿದು ದಪ್ಪನೆಯ ಕಸಬರಿಗೆ ಕಟ್ಟಿದ್ದಳು. ಎರಡು ದಿನ ಅದರಿಂದಲೇ ಅಂಗಳ ಗುಡಿಸಿಯೂ ಇದ್ದಳು. ಗುರುಗಳು ಮರುದಿನ ಮುಂಜಾನೆಯ ಗಾಡಿಗೆ ಬರುವವರಿದ್ದರು.

ನಮ್ಮ ಹಿರಿಯ ಇನ್ನಾಸಪ್ಪ ಎಲ್ಲರೆದುರು ಹೇಳಿದರು: “ಇನ್ನ ಉಳದದ್ದು ರಾಯಪ್ಪನ ಮನ್ಯಾಂದು ಒಂದೇ. ಆಕಿ ಅದನ್ನ ಕೊಡ್ಲಿ.”

ಎಲ್ಲರೂ ನನ್ನ ಕಡೆ ತಿರುಗಿದರು.  ನಾನು ಮನೆಯ ಕಡೆ ಒಂದು ಹೆಜ್ಜೆ ಹಿಂದೆ ಸರಿದೆ.

“ಆಕೀದು ಬ್ಯಾಡ,” ಎಂದರು ಶೌರಪ್ಪನವರು. “ಕಸಬರಗಿ ಅದಲ್ಲ, ಸಾಕು.”

“ಕಸಾ ಹೊಡದದ್ದನ್ನ ಹಣೀಗೆ ಹಚ್ಚೂದೇನ್ರಿ? ಮೈಲಿಗಿ ಆಗಂಗಿಲ್ಲೇನು?” ಎಂದರು ಇನ್ನಾಸಪ್ಪ.

ತಾಯವ್ವ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು. “ತಪ್ಪಾತ್ರಿ ಉಪದೇಶಿ. ನಿಮ್ಮ ದೇವ್ರಿಗೆ ಸಿಟ್ಟು ಬರ್ತದೇನು?”

“ಶಿಷ್ಯರ ಕಾಲು ತೊಳದಾಂವ ಅಂವ,” ಎಂದರು ಶೌರಪ್ಪನವರು. “ತನ್ನ ಅಂಗಳ ಹಸನ ಮಾಡಿದವ್ರ ಮ್ಯಾಲ ಸಿಟ್ಟಾಗ್ತಾನೇನವ್ವ? ತರ್ರಿ ಇಲ್ಲೆ.”

ಕಸಬರಿಗೆಯನ್ನು ಬಡಿದು ಧೂಳು ಉದುರಿಸಿ, ಕಟ್ಟು ಬಿಚ್ಚಿ, ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಹಾಕಿ ಬೆಂಕಿ ಕೊಟ್ಟರು. ಇನ್ನಾಸಪ್ಪ ಗೊಣಗುತ್ತಲೇ ಗಾಳಿಗೆ ಅಡ್ಡ ನಿಂತರು. ತಾಯವ್ವನಿಗೆ ಧೈರ್ಯ ಬಂತು. “ನಾವು ದಿನಾ ಹಚ್ಗೋತೀವಿ. ನಿಮಗ ವರ್ಷಕ್ಕೊಮ್ಮಿನೇ ಏನ್ರಿ?”

“ನೀವು ಶ್ಯಾಣ್ಯಾರು, ದಿನಾ ನೆನಪ ಇಡ್ತೀರಿ. ನಾವು ವರ್ಷದಾಗ ಒಂದ ದಿವ್ಸ ನೆನಪ ಇಟ್ರ ಅದೇ ಭಾಳ ಆತು.”

ಮರುದಿನ ನಾನು ಪ್ರಾರ್ಥನಾಲಯಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಹಿಂತಿರುಗುವಾಗ ತಾಯವ್ವ ನನ್ನ ಗದ್ದ ಹಿಡಿದು ಹಣೆ ನೋಡಿ, “ನನ್ನ ಕಸಬರಗಿ ಛಲೋ ಒಪ್ಪ್ಯದ ನಿನಗ” ಎಂದಳು.

ಆಮೇಲೆ ಪ್ರತಿವರ್ಷ ಶೌರಪ್ಪನವರು ಚೀಲ ಹಿಡಿದು ಬರುತ್ತಿದ್ದರು. ಹಿಂದಿನ ವರ್ಷದ ಗರಿಯನ್ನು ಇಸಿದುಕೊಂಡು, ರಾಯಪ್ಪನ ಗರಿಯತ್ತ ಕಣ್ಣು ಹಾಯಿಸದೆ ಹೋಗುತ್ತಿದ್ದರು. ಒಮ್ಮೆಯೂ ಕೇಳಲಿಲ್ಲ. ನೌಕರಿ ಮುಗಿದ ಮೇಲೆ ಮುದಗಲ್ಲಿಗೆ ಹೋದರು. ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಕಾಗದ ಬಂತು.

ಆ ಸಲ ಗರಿ ಕೂಡಿಸಲು ಚೀಲ ಹಿಡಿದು ನಾನೇ ಹೊರಟೆ. ಹನ್ನೊಂದು ಮನೆ ತಿರುಗಿ ಕೊನೆಗೆ ನಮ್ಮ ಮನೆಗೆ ಬಂದೆ. ಪಟದ ಹಿಂದಿನಿಂದ ಎರಡೂ ಗರಿ ತೆಗೆದೆ. ಹಳೆಯದು ಮುಟ್ಟಿದರೆ ಪುಡಿಯಾಗುವಂತಿತ್ತು. ಅದಕ್ಕೇ ಅದನ್ನು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.