ಸೊಪ್ಪಿನ ತೋಟದಲ್ಲಿ ಸಿಕ್ಕ ತೂತಿನ ಬಳೆ

ಮದುವೆ ಮನೆಗೆ ಹೋದರೆ ನಾನು ಹೆಣ್ಣನ್ನೂ ನೋಡುವುದಿಲ್ಲ, ಗಂಡನ್ನೂ ನೋಡುವುದಿಲ್ಲ; ಬಂದವರ ಅಂಗಿಯ ಕಾಲರು ನೋಡುತ್ತೇನೆ. ಎದುರು ಪಂಕ್ತಿಯಲ್ಲಿ ಕೂತವರ ತೋಳಿನ ಹೊಲಿಗೆ ಎಲ್ಲಿ ಹಾರಿದೆ, ಜೇಬು ಎಷ್ಟು ಸೊಟ್ಟಗಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಪಾಪ, ಅವರು ಅಂಗಿಯ ಮೇಲೆ ಸಾರು ಚೆಲ್ಲಿಕೊಂಡೆವೇನೋ ಎಂದು ತಡವರಿಸುತ್ತಾರೆ. ಗಾರ್ಮೆಂಟ್ಸಿನ ಚೆಕಿಂಗ್ ಸೆಕ್ಷನ್ನಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಅಂಟುವ ರೋಗ ಇದು. ರೋಗ ಎಂದು ಬಾಯಲ್ಲಿ ಹೇಳುತ್ತೇನೆಯೇ ಹೊರತು, ಒಳಗೊಳಗೆ ಈ ಕಣ್ಣಿನ ಬಗ್ಗೆ ನನಗೆ ಜಂಭವೇ. ಆ ಜಂಭ ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ನಾನು ಹುಟ್ಟಿದ್ದು ರಾಯದುರ್ಗದಲ್ಲಿ. ನಮ್ಮ ಓಣಿಯಲ್ಲಿ ಬೆಳಗಾದರೆ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದೇ ಸುಪ್ರಭಾತ. ಮದುವೆಯಾಗಿ ಬಂದದ್ದು ಮಡಕಶಿರದ ಹತ್ತಿರದ ಹಳ್ಳಿಗೆ. ನಾನೂ ನಮ್ಮ ಯಜಮಾನರೂ ಕೆಲವು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು, ಹಿಂದೂಪುರದ ಕಡೆಯೇ ಫ್ಯಾಕ್ಟರಿಗಳು ಬಂದ ಮೇಲೆ ಊರಿಗೆ ಮರಳಿದೆವು. ನಾನು ಚೆಕಿಂಗ್, ಅವರು ಅಲ್ಲೇ ಮಿಷನ್ ಮೆಕ್ಯಾನಿಕ್. ಮನೆಯಲ್ಲಿ ಅತ್ತೆ ಲಕ್ಷ್ಮಕ್ಕನದೇ ಕಾರುಬಾರು: ರೇಷ್ಮೆ ಹುಳ, ಅದಕ್ಕೆ ಬೇಕಾದ ಸೊಪ್ಪಿನ ತೋಟ, ಎರಡು ಎಮ್ಮೆ. ನಾನು ಇವತ್ತಿಗೂ "ಹೌದ್ರಿ ಅತ್ತಿ" ಎಂದರೆ ಈ ಮನೆಯವರಿಗೆ ನಗು. ನಕ್ಕರೆ ನಗಲಿ, ಆ 'ರಿ' ನನ್ನ ತವರಿನ ಬಳುವಳಿ.

ಒಂದು ಸಲ ಅತ್ತೆಯ ಚಿನ್ನದ ಮೂಗುಬಟ್ಟು ತೋಟದಲ್ಲಿ ಕಳೆದುಹೋಯಿತು. ನಮ್ಮವರು ಮಾರನೆಯ ದಿನವೇ ಒಂದು ಯಂತ್ರ ತಂದರು. ಹೊರದೇಶಕ್ಕೆ ಹೋಗುವ ಮಕ್ಕಳ ಬಟ್ಟೆಯಲ್ಲಿ ಮುರಿದ ಸೂಜಿ ಉಳಿದಿದೆಯೇ ಎಂದು ನೋಡುವ ಕೈಯಂತ್ರ ಅದು. ಹಳೆಯದಾಯಿತೆಂದು ಫ್ಯಾಕ್ಟರಿಯವರು ಮೂಲೆಗೆ ಎಸೆದಿದ್ದನ್ನು ಕೇಳಿ ಪಡೆದು ರಿಪೇರಿ ಮಾಡಿದ್ದರು. ಭಾನುವಾರವೆಲ್ಲ ಗಂಡ ಹೆಂಡತಿ ಬಗ್ಗಿಕೊಂಡು ಸಾಲುಸಾಲಾಗಿ ಹುಡುಕಿದ್ದೇ ಹುಡುಕಿದ್ದು. ಯಂತ್ರ ಕುಂಯ್ ಎಂದಾಗಲೆಲ್ಲ ಎದೆ ಹಾರುತ್ತಿತ್ತು. ಬಗೆದರೆ ಸೈಕಲ್ ಚೈನಿನ ತುಂಡು, ಬೀಗದ ಒಂದು ಹೋಳು, ನೇಗಿಲಿನ ಮುರಿದ ಗುಳ. ಸಂಜೆ ಅತ್ತೆ ಸೆರಗಿನ ಗಂಟು ಬಿಚ್ಚಿದಾಗ ಮೂಗುಬಟ್ಟು ಅಲ್ಲೇ ಇತ್ತು. ನಮ್ಮವರಿಗೆ ಆಮೇಲೆ ನೆನಪಾಯಿತಂತೆ, ಆ ಯಂತ್ರ ಕೂಗುವುದು ಕಬ್ಬಿಣಕ್ಕೆ ಮಾತ್ರ, ಚಿನ್ನವನ್ನು ಮೂಸಿಯೂ ನೋಡುವುದಿಲ್ಲ ಎಂದು.

ಆದರೆ ಹುಡುಕುವ ಚಟ ಹತ್ತಿಬಿಟ್ಟಿತ್ತು. ಮಣ್ಣಿನಿಂದ ಬಂದ ತುಕ್ಕಿನ ತುಂಡನ್ನು ಜಗುಲಿಯ ಮೇಲಿಟ್ಟುಕೊಂಡು ಇದೇನು, ಅದೇನು ಎಂದು ವಾದ ಮಾಡುವುದು ಟೀವಿ ಧಾರಾವಾಹಿಗಿಂತ ರುಚಿ. ಒಮ್ಮೆ ಅರ್ಧ ಚಂದ್ರದಂಥ ತಗಡು ಸಿಕ್ಕಿತು. ನಾನು ಮಡಕಶಿರದ ಕೋಟೆಯ ಯಾವುದೋ ರಾಣಿಯ ಪದಕವಿರಬೇಕೆಂದು ಕೊರಳಿಗೆ ಹಿಡಿದು ನೋಡಿಕೊಂಡೆ. ಅದು ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಅದರ ಲಾಳವೂ ಎರಡು ಹೋಳು ಎಂದು ನಮ್ಮವರು ಹೇಳಿಕೊಟ್ಟರು. ಗೊತ್ತಿಲ್ಲದ ವಸ್ತು ಕಂಡ ತಕ್ಷಣ ನಮಗೆ ರಾಜ ರಾಣಿಯರೇ ಯಾಕೆ ನೆನಪಾಗುತ್ತಾರೋ! ನೆಲದೊಳಗೆ ಇರುವುದೆಲ್ಲ ಅರಮನೆಯಿಂದಲೇ ಬಿದ್ದದ್ದೇ? ಉತ್ತವರು, ಬಿತ್ತಿದವರು ಏನನ್ನೂ ಬೀಳಿಸಿಕೊಳ್ಳಲಿಲ್ಲವೇ?

ಹೀಗಿರುವಾಗ ತೋಟದ ಮೂಲೆಯಲ್ಲಿ ಆ ಬಳೆ ಸಿಕ್ಕಿತು. ಊಟದ ತಟ್ಟೆಯಷ್ಟು ಅಗಲದ ದಪ್ಪ ಕಬ್ಬಿಣದ ಬಳೆ. ತುಕ್ಕು ಹಿಡಿದು ಹೆಪ್ಪುಗಟ್ಟಿತ್ತು. ಅಂಚಿನ ಸುತ್ತ ಸಾಲಾಗಿ ತೂತುಗಳು. ಅದೇ ಹೊತ್ತಿಗೆ ಬಂದ ನಮ್ಮವರ ಅಣ್ಣ ಅಂಜಿನಪ್ಪ ಬಾವ ಅದನ್ನು ಎತ್ತಿ ತಿರುಗಿಸಿ ನೋಡಿ, ದನಿ ತಗ್ಗಿಸಿದರು.

"ಇದು ಕೊಪ್ಪರಿಗೆ ಬಾಯಿ ಕಣಮ್ಮ. ಬಾಯಿ ಇಲ್ಲೈತೆ ಅಂದ್ರೆ ಹೊಟ್ಟೆ ಕೆಳಗೈತೆ."

ಕೊಪ್ಪರಿಗೆ ಎಂದರೆ ಅರ್ಥವಾಯಿತಲ್ಲ? ಚಿನ್ನ ತುಂಬಿ ಹೂತಿಡುವ ದೊಡ್ಡ ಪಾತ್ರೆ. ನಿಧಿ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಕಾಲು ಬೇಕಿಲ್ಲ, ಅದು ಹಾರಿಕೊಂಡೇ ಊರು ಸುತ್ತುತ್ತದೆ. ಈ ಯಂತ್ರಕ್ಕೆ ಚಿನ್ನ ಗೊತ್ತೇ ಆಗುವುದಿಲ್ಲ ಎಂದು ನಮ್ಮವರು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗ್ಗೆ ನಾವು ಏಳುವಷ್ಟರಲ್ಲಿ ಬಾವ ನಾಲ್ಕಾರು ಜನರ ಜೊತೆ ಗುದ್ದಲಿ, ಹಾರೆ ಹಿಡಿದು ತೋಟದಲ್ಲಿ ನಿಂತಿದ್ದರು. ಜಮೀನು ಇನ್ನೂ ಪಾಲಾಗಿರಲಿಲ್ಲ. ಬೇಡ ಎನ್ನಲು ನಮಗೆಷ್ಟು ಹಕ್ಕೋ ಅಗೆಯಲು ಅವರಿಗೂ ಅಷ್ಟೇ ಹಕ್ಕು.

ಆ ಹೊತ್ತಿನಲ್ಲಿ ನಮ್ಮ ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಗೊತ್ತು, ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಸುರಿದರೂ ಸಾಲದು. ಮನೆಯೊಳಗೆ ಮಳೆ ಬಂದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತವೆ. ಗಿಡದ ಬುಡಕ್ಕೆ ಹಾರೆ ಬಿದ್ದರೆ ಅವು ಗೂಡು ಕಟ್ಟದೆ ಸಾಯುತ್ತವೆ. ಅತ್ತೆ ಸಾಲಿಗೆ ಅಡ್ಡ ನಿಂತರು.

"ನನ್ನ ಹುಳ ಉಪವಾಸ ಬೀಳ್ತಾವೆ ಕಣೋ ಅಂಜಿನಪ್ಪ."

"ಕೊಪ್ಪರಿಗೆ ಸಿಕ್ಕಿದ್ರೆ ಹುಳ ಯಾಕಮ್ಮ? ಒಸಿ ಪಕ್ಕಕ್ಕೆ ಬಾ."

ನನಗೆ ಏನು ಮಾಡಬೇಕೋ ತೋಚಲಿಲ್ಲ. ಮನೆಯ ಸೊಸೆ, ಬಾವನ ಎದುರು ದನಿ ಎತ್ತುವಂತಿಲ್ಲ. ಕೈಯಲ್ಲಿ ಆ ಬಳೆ ಇತ್ತು. ಬದುವಿನ ಮೇಲೆ ಕೂತು ಸೀಮೆಎಣ್ಣೆಯ ಬಟ್ಟೆಯಿಂದ ಅದರ ಅಂಚನ್ನು ಉಜ್ಜತೊಡಗಿದೆ. ಸುಮ್ಮನೆ ಕೈಗೊಂದು ಕೆಲಸ ಬೇಕಿತ್ತು. ತುಕ್ಕು ಉದುರಿ ತೂತುಗಳು ಬಾಯಿ ಬಿಡುತ್ತಿದ್ದಂತೆ ನನ್ನ ರೋಗದ ಕಣ್ಣು ಎಚ್ಚರವಾಯಿತು. ತೂತಿನಿಂದ ತೂತಿಗೆ ಒಂದೇ ಅಂತರ. ಪ್ರತಿ ತೂತೂ ಹೊರಗಿನ ಅಂಚಿನ ಕಡೆಗೆ ಮಾತ್ರ ಸವೆದು ನುಣ್ಣಗಾಗಿತ್ತು, ಗುಂಡಿ ಎಳೆದೂ ಎಳೆದೂ ಕಾಜಾ ಒಂದು ಬದಿಗೆ ಹಿಗ್ಗುತ್ತದಲ್ಲ, ಹಾಗೆ. ಎದ್ದು ಹೋಗಿ ಬಾವನ ಮುಂದೆ ಹಿಡಿದೆ.

"ಬಾವ, ಇದು ಕೊಪ್ಪರಿಗಿ ಬಾಯಿ ಅಲ್ರಿ. ಇವು ಹೊಲಿಗಿ ತೂತು. ದಪ್ಪನ ದಾರ ಎಳದೂ ಎಳದೂ ಒಂದ ಕಡೆ ಸವದಾವ ನೋಡ್ರಿ."

"ಕಬ್ಬಿಣಕ್ಕೆ ಯಾರಮ್ಮ ಹೊಲಿಗೆ ಹಾಕ್ತಾರೆ?"

"ಯಾಕ ಹಾಕ್ಯಾರ ನನಗ ಗೊತ್ತಿಲ್ರಿ. ಆದ್ರ ಇದಕ್ಕ ಬಟ್ಟಿನೋ ಚರ್ಮನೋ ಏನೋ ಒಂದು ಹೊಲದಾರ."

ಚರ್ಮ ಎಂಬ ಮಾತು ಕೇಳಿ ಅತ್ತೆ ತಿರುಗಿದರು. ಬಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ಕೈ ತೂರಿಸಿ, ಸುತ್ತ ಬೆರಳಾಡಿಸಿದರು. ಆಮೇಲೆ ಅವರ ಮುಖ ನೋಡಬೇಕಿತ್ತು.

"ಅಯ್ಯೋ, ಇದು ನಮ್ಮ ಕಪಿಲೆ ಬಾನಿದು ಕಣ್ರೋ! ಬಾನಿ ಬುಡಕ್ಕೆ ಚರ್ಮದ ಸೊಂಡಿಲು ಹೊಲೀತಿದ್ರಲ್ಲ, ಅದ್ರ ಬಳೆ."

ಮೋಟಾರು ಬರುವ ಮುಂಚೆ ಬಾವಿಯಿಂದ ನೀರೆತ್ತುತ್ತಿದ್ದದ್ದು ಕಪಿಲೆಯಿಂದ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿದರೆ ಹಗ್ಗದ ತುದಿಯ ದೊಡ್ಡ ಬಾನಿ ನೀರು ತುಂಬಿಕೊಂಡು ಮೇಲೆ ಬಂದು, ಚರ್ಮದ ಸೊಂಡಿಲಿನಿಂದ ಕಾಲುವೆಗೆ ಸುರಿಯುತ್ತಿತ್ತು. ಎತ್ತು ಹೊಡೆಯುವವರು ಭಾರಕ್ಕೆಂದು ಆ ಹಗ್ಗದ ಮೇಲೆಯೇ ಕೂತು ಇಳಿಯುತ್ತಿದ್ದರು. ಮಾವ ಕೂಲಿಗೆಂದು ದೂರದ ಊರಿಗೆ ಹೋಗುತ್ತಿದ್ದ ಕಾಲದಲ್ಲಿ ತಾನೇ ಕಪಿಲೆ ಹೊಡೆದೆ ಎಂದು ಅತ್ತೆ ಹೇಳಿದಾಗಲೆಲ್ಲ ಗಂಡುಮಕ್ಕಳಿಬ್ಬರೂ ನಕ್ಕುಬಿಡುತ್ತಿದ್ದರಂತೆ. ಹೆಂಗಸು ಹಗ್ಗದ ಮೇಲೆ ಕೂರುವುದುಂಟೇ ಎಂದು. ಬಾವಿ ಬತ್ತಿ, ಮುಚ್ಚಿ, ಅದರ ಮೇಲೆ ಸೊಪ್ಪು ಬೆಳೆದಿತ್ತು. ಸಾಕ್ಷಿ ಹೇಳಲು ಏನೂ ಉಳಿದಿರಲಿಲ್ಲ.

ಬಾವ ಇನ್ನೂ ಅನುಮಾನದಲ್ಲೇ ನಿಂತಿದ್ದರು. ಅತ್ತೆ ಅವರ ಕೈ ಹಿಡಿದು ಬದುವಿನ ತುದಿಗೆ ಎಳೆದೊಯ್ದರು. ಅಲ್ಲಿ ನಾವೆಲ್ಲ ಬುತ್ತಿ ಬಿಚ್ಚಿ ಕೂರುವ ಉದ್ದನೆಯ ಕಲ್ಲು ಮಲಗಿದೆ. ಅತ್ತೆ ಅದರ ಅಂಚಿನ ಮಣ್ಣು ಕೆರೆದರು. ಕಲ್ಲಿನಲ್ಲಿ ಬೆರಳು ಹೂತುಹೋಗುವಷ್ಟು ಆಳದ ಗೀರು.

"ಇದು ಬಾವಿ ದಡದ ಕಲ್ಲು ಕಣೋ, ಹಗ್ಗ ಉಜ್ಜಿ ಉಜ್ಜಿ ಆಗಿರೋ ಗೀರಿದು. ನಿನ್ನ ಆ ಬೇವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸಿ ಕಪಿಲೆ ಹೊಡ್ದಿದೀನಿ. ನೀನು ಅತ್ರೆ ಎತ್ತು ನಿಲ್ಸಿ ಬಂದು ತೂಗ್ತಿದ್ದೆ."

ಬಾವ ಕೂತು ಆ ಗೀರಿನಲ್ಲಿ ಬೆರಳಿಟ್ಟು ತುದಿಯವರೆಗೂ ಎಳೆದು ನೋಡಿದರು. ಆಮೇಲೆ ಎದ್ದು, ಬಂದವರಿಗೆ, "ಹೋಗ್ರಪ್ಪ, ಇದು ನಮ್ಮಮ್ಮನ ಬಾವಿ" ಎಂದರು. ಅಷ್ಟೇ. ಗುದ್ದಲಿಗಳು ಹೆಗಲೇರಿದವು. ಅವತ್ತು ಹುಳಗಳಿಗೆ ಸೊಪ್ಪು ಕೊಯ್ದು ಹೊತ್ತವರು ಬಾವನೇ.

ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತೂತು ನೋಡಿ ಹೊಲಿಗೆ ಕಂಡವಳು ನಾನು. ಹೊಲಿಗೆ ಕೇಳಿ ಬಾವಿ ಕಂಡವರು ಅತ್ತೆ. ಒಂದು ವಸ್ತುವಿನ ಗುಟ್ಟು ಅದರ ಮೈಯಲ್ಲಿ ಇರುವುದಕ್ಕಿಂತ ಸವೆದ ಜಾಗದಲ್ಲಿ ಹೆಚ್ಚು ಇರುತ್ತದೆ ಎಂದು ಅಂದಿನಿಂದ ನಾನು ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುತ್ತಿದ್ದೇನೆ. ಮನುಷ್ಯರ ವಿಷಯದಲ್ಲೂ ಅದು ನಿಜವಿರಬೇಕು.

ಗೂಡು ಕಟ್ಟಿ ಮುಗಿದ ಮೇಲೆ ಒಂದು ಸಂಜೆ ತೋಟದಲ್ಲಿ ಎಲ್ಲರೂ ಕೂತಿದ್ದೆವು. ನಾನು, "ಅತ್ತಿ, ಹಗ್ಗದ ಮ್ಯಾಲ ಹೆಂಗ ಕುಂದರ್ತಿದ್ರಿ, ತೋರಸ್ರಿ" ಎಂದೆ. ಅವರು ಹೇಳಿ ಮುಗಿಸುವ ಮೊದಲೇ ಬಾವ ಒಂದು ಹಗ್ಗ ತಂದು ಅದರ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತಾವೂ ತಮ್ಮನೂ ಹೆಗಲಿಗೆ ಹಾಕಿಕೊಂಡರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಹಗ್ಗ ಹಿಡಿದು, ಪಕ್ಕಕ್ಕೆ ವಾಲಿ ಎಷ್ಟು ಸಲೀಸಾಗಿ ಕೂತರೆಂದರೆ, ನಿನ್ನೆಯಷ್ಟೇ ಇಳಿದವರ ಹಾಗಿತ್ತು. ಹಗ್ಗ ಬಿಗಿಯಾಯಿತು. ಮೀಸೆ ನರೆತ ಮಗ, ಫ್ಯಾಕ್ಟರಿಯ ಯೂನಿಫಾರಂ ಇನ್ನೂ ಬಿಚ್ಚದ ಮಗ, ಇಬ್ಬರೂ ಏದುಸಿರು ಬಿಡುತ್ತಾ ಎಳೆಯುತ್ತಿದ್ದರು. ಅತ್ತೆ ಕೈಯಲ್ಲಿಲ್ಲದ ಬಾರುಕೋಲನ್ನು ಗಾಳಿಯಲ್ಲಿ ಬೀಸಿ, ಬದುವಿನಾಚೆಗೂ ಕೇಳುವಂತೆ ಕೂಗಿದರು:

"ನಡೀ ಕರಿಯಾ! ಲೇ ಕೆಂದಾ, ನೀನ್ಯಾಕೋ ಹಿಂದೆ ಬೀಳ್ತೀಯ?"