ಟೈರ್ ಅಂಗಡಿಯ ಯಜಮಾನರು

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಯಾವತ್ತೋ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಬೋಳು ಬೆರಳನ್ನೇ ಟೈರಿನ ಗೆರೆಗಳೊಳಗೆ ಇಳಿಸಿ, ಕಣ್ಣು ಮುಚ್ಚಿ, ಸುತ್ತಲೂ ಆಡಿಸುತ್ತಿದ್ದರು. ಎಷ್ಟು ಸವೆದಿದೆ ಎಂದು ಹೇಳಲು ಅವರಿಗೆ ಬೇರೇನೂ ಬೇಕಿರಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ ಅವರದು ಶೀಟು ಹೊದಿಸಿದ ಅಂಗಡಿ. ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು.

ನಾನು ಅಜ್ಜೀಪುರದ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರು. ಹನೂರಿನ ಮನೆಯಲ್ಲಿ ಇದ್ದವರು ನಾನು, ಅವ್ವ ಇಬ್ಬರೇ. ಅವ್ವನ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಮೈಸೂರಿಗೆ ಕರೆದೊಯ್ಯಬೇಕಾಗಿ ಬಂದಾಗ ಹಳೆಯ ಕಾರೊಂದನ್ನು ಕೊಂಡೆ. ಟೈರುಗಳು ಪೂರಾ ಸವೆದಿದ್ದವು. ಯಜಮಾನರ ಅಂಗಡಿಗೆ ಹೋಗಿ, "ಕಮ್ಮಿ ರೇಟಿನವು ನಾಲ್ಕು ಹಾಕಿಕೊಡಿ" ಎಂದೆ.

"ಕಾರಲ್ಲಿ ಯಾರ್ ಕೂತ್ಕತಾರೆ ಮೇಷ್ಟ್ರೇ?"

ಹೇಳಿದೆ. ಅವರು ಎರಡು ಬಗೆಯ ಟೈರುಗಳನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು.

"ಇದು ಕಮ್ಮೀದು. ಊರೊಳಗೆ ಓಡಾಡೋರ್ಗೆ ಇದೇ ಸಾಕು, ನಾನೇ ಇದನ್ನ ಕೊಡ್ತೀನಿ. ಮಳೇಲಿ ಬ್ರೇಕ್ ಒತ್ತಿದ್ರೆ ಮಾತ್ರ ಒಂದೆರಡು ಮಾರು ಮುಂದಕ್ಕೆ ಓಗಿ ನಿಲ್ತದೆ. ಇದು ದುಬಾರೀದು, ನೆಲವ ಕಚ್ಕತದೆ. ಕಾಯಿಲೆ ಜೀವವ ಕೂರಿಸ್ಕಂಡು ಅಷ್ಟು ದೂರ ಓಯ್ತೀರಿ. ಇದನ್ನೇ ಹಾಕ್ಸಿ ಸಾ."

ಹಾಕಿಸಿದೆ. ಆಮೇಲೆ ನಮ್ಮ ಕಾರು ಅಂಗಡಿಯ ಮುಂದೆ ನಿಂತಾಗಲೆಲ್ಲ ಅವರು ಗಾಳಿ ನೋಡುವ ನೆಪದಲ್ಲಿ ಹಿಂದಿನ ಕಿಟಕಿಗೆ ಬಗ್ಗಿ ಮಾತಾಡಿಸುತ್ತಿದ್ದರು. "ಅವ್ವಾ, ಕುಲುಕ್ತದಾ?"

"ಇಲ್ಲ ಕಣಪ್ಪ, ತೊಟ್ಲಲ್ಲಿ ಮಲಗಿದಂಗದೆ" ಎನ್ನುತ್ತಿದ್ದಳು ಅವ್ವ. ಆಸ್ಪತ್ರೆಯ ದಾರಿಯಲ್ಲಿ ಅವಳು ನಗುತ್ತಿದ್ದದ್ದು ಅಲ್ಲೊಂದು ಕಡೆ ಮಾತ್ರ.

ಮೂರು ವರ್ಷದ ಮೇಲೆ ಅವ್ವ ತೀರಿಕೊಂಡಳು. ಟೈರುಗಳೂ ಸವೆದಿದ್ದವು. ಮತ್ತೆ ಅಂಗಡಿಗೆ ಹೋದವನು, "ಈಗ ನಾನೊಬ್ಬನೇ ಓಡಾಡೋದು. ಕಮ್ಮಿಯವೇ ಹಾಕಿಬಿಡಿ, ನಡೆಯುತ್ತೆ" ಎಂದೆ.

ಯಜಮಾನರು ನಟ್ಟು ಬಿಚ್ಚುವ ಪಾನವನ್ನು ಕೆಳಗಿಟ್ಟು, ಅಲ್ಲೇ ಮಲಗಿಸಿದ್ದ ಟೈರಿನ ಮೇಲೆ ಕುಳಿತುಬಿಟ್ಟರು.

"ನನ್ ತಮ್ಮನೂ ಒಬ್ನೇ ಇದ್ದ ಮೇಷ್ಟ್ರೇ."

ಅವರ ತಮ್ಮ ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಬಾಡಿಗೆ ಕಾರು ಓಡಿಸುತ್ತಿದ್ದನಂತೆ. ಟೈರು ಬೇಕೆಂದು ಬಂದಾಗ, ವರ್ಷಗಟ್ಟಲೆ ಮಾರಾಟವಾಗದೆ ಒಣಗಿ ಬಿರುಕು ಬಿಟ್ಟಿದ್ದ ಜೋಡಿಯೊಂದನ್ನು ಇವರೇ ಹಾಕಿಕೊಟ್ಟಿದ್ದರು.

"ಗಿರಾಕಿಗೆ ಕೊಟ್ರೆ ಉಗೀತಾರೆ, ತಮ್ಮಂಗಾದ್ರೆ ನಡೀತದೆ ಅಂದ್ಕಂಡೆ. ಎರಡು ತಿಂಗ್ಳಿಗೆ ತಿರುವಲ್ಲಿ ಸಿಡೀತು. ಮಣ್ಣಿಗೆ ಬಂದೋರೆಲ್ಲ ಏನಂದ್ರು ಗೊತ್ತಾ? ಸದ್ಯ, ಕಾರಲ್ಲಿ ಒಬ್ನೇ ಇದ್ದ ಅಂದ್ರು." ಬೋಳು ಬೆರಳನ್ನು ಟೈರಿನ ಗೆರೆಯಲ್ಲಿ ಆಡಿಸುತ್ತಾ, "ಒಬ್ರೇ ಅಂದ್ರೆ ಜೀವ ಅಲ್ವಾ ಸಾ?" ಎಂದು ನನ್ನ ಮುಖ ನೋಡಿದರು.

ನನಗೆ ಅಳು ಬಂತು. ಅವ್ವ ಹೋದಮೇಲೆ ನಾನಿದ್ದರೇನು ಹೋದರೇನು ಎಂಬಂತೆ ದಿನ ತಳ್ಳುತ್ತಿದ್ದೆ. ಅದನ್ನು ಕಂಡುಹಿಡಿದವರು ಅವರೊಬ್ಬರೇ. ನನ್ನನ್ನು ಕೇಳದೆ ನಾಲ್ಕೂ ಒಳ್ಳೆಯ ಟೈರುಗಳನ್ನು ತಂದು ಹಾಕಿದರು.

ಹೋದ ವರ್ಷ ಹಿಂಗಾರಿನ ಮಳೆಯಲ್ಲಿ ಯಳಂದೂರಿನಿಂದ ಬರುತ್ತಿದ್ದೆ. ತಲೆಗೆ ಗೋಣಿಚೀಲ ಹೊದ್ದ ಮುದುಕಿಯೊಬ್ಬಳು ಹಸು ಎಳೆದುಕೊಂಡು ಏಕಾಏಕಿ ರಸ್ತೆಗೆ ಇಳಿದಳು. ಬ್ರೇಕ್ ಒತ್ತಿದೆ. ಅವಳಿಂದ ಮೊಳದಷ್ಟು ದೂರದಲ್ಲಿ ಕಾರು ನಿಂತಿತು. "ಕಣ್ ಕಾಣಾಕಿಲ್ವೇನ್ಲಾ?" ಎಂದು ಬೈದು, ಹಸುವನ್ನು ಎಳೆದುಕೊಂಡು ಹೋದಳು.

ಅಲ್ಲಿಂದ ನೇರ ಕೊಳ್ಳೇಗಾಲಕ್ಕೆ ಬಂದೆ. ಯಜಮಾನರಿಗೆ ಹೇಳಬೇಕಿತ್ತು. ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಒಳಗೆ ಅವರ ಹೆಂಡತಿ ಒಬ್ಬರೇ ಸಾಮಾನು ಜೋಡಿಸುತ್ತಿದ್ದರು. ಗೋಡೆಯ ಮೇಲೆ ಯಜಮಾನರ ಫೋಟೊ, ಹೂವಿನ ಹಾರ. ಎದೆನೋವು ಅಂತ ಕುಳಿತವರು ಏಳಲೇ ಇಲ್ಲವಂತೆ. ಹದಿನೈದು ದಿನವಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಬಂದ ವಿಷಯವನ್ನು ಆಕೆಗೇ ಹೇಳಿದೆ.

"ಆ ಅಜ್ಜೀಗೆ ಏನೂ ಆಗ್ನಿಲ್ವಾ?"

"ಇಲ್ಲ ಅಕ್ಕ."

"ನಿಮ್ಗೆ?"

"ಇಲ್ಲ."

ಆಕೆ ಸೆರಗಿನಿಂದ ಫೋಟೊದ ಗಾಜು ಒರೆಸಿ, "ಕೇಳಿಸ್ತಾ? ಇಬ್ರೂ ಚೆನ್ನಾಗವ್ರಂತೆ" ಎಂದರು.